ಮೋಹನ್‌ಕುಮಾರನ ಅಶುಭ ಫೋಲ್ಡರ್

ಅರಕಲಗೂಡಿನಿಂದ ಎರಡು ಮೈಲಿ ಆಚೆ ಕಾಂತರಾಜು ಅವರ ಹೊಲದ ಅಂಚಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಸೊಪ್ಪು ಏರಿಸಿದ ಮೇಲೆ ಅದರ ಒಲೆ ಐದಾರು ದಿನ ಆರುವಂತಿಲ್ಲ. ಬೆಂಕಿ ಕಾಯುವವನು ಒಬ್ಬನೇ ಕೂರಬಾರದೆಂದು ಅಕ್ಕಪಕ್ಕದವರು ಬಂದು ಕೂರುತ್ತಾರೆ, ಅವರ ಜೊತೆ ಊರಿನ ಮಾತೆಲ್ಲ ಬಂದು ಕೂರುತ್ತದೆ. ಆ ದಿನ ಮಳೆ ಮಧ್ಯಾಹ್ನವೇ ಹಿಡಿದುಕೊಂಡಿತ್ತು. ಸಂಜೆ ಐದರ ಹೊತ್ತಿಗೆ ಶೀಟಿನ ಮೇಲೆ ಅದು ಬೀಳುವ ಸದ್ದಿಗೆ ಮಾತು ನಿಲ್ಲಿಸಬೇಕಾಯಿತು. ಸದ್ದು ಇಳಿದಾಗ ಒಲೆಯೊಳಗೆ ಸೌದೆ ಸಿಡಿಯುವುದು ಕೇಳುತ್ತಿತ್ತು. ಭಗವಂತ ಮಳೆಯನ್ನು ಬೆಳೆಗೆಂದು ಮಾತ್ರ ಕೊಟ್ಟಿಲ್ಲ, ಮನುಷ್ಯ ಸುಮ್ಮನೆ ಕೂತು ತನ್ನ ತಪ್ಪುಗಳನ್ನು ನೆನೆಯಲೆಂದೂ ಕೊಟ್ಟಿದ್ದಾನೆ ಎಂದು ಅಂಥ ಹೊತ್ತಿನಲ್ಲಿ ಅನ್ನಿಸುತ್ತದೆ.

ಒಲೆಯ ಮುಂದೆ ನಾವು ಐವರಿದ್ದೆವು. ಕಾಂತರಾಜು, ಹಾಸನದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಿರುವ ಅವರ ಮಗಳು ಯಶಸ್ವಿನಿ, ಪಕ್ಕದ ಹೊಲದ ಗುಂಡಯ್ಯ, ನಾನು, ಮತ್ತೆ ಕಾಂತರಾಜು ಅವರ ಸೋದರಮಾವ ದೊಡ್ಡಯ್ಯನವರು. ದೊಡ್ಡಯ್ಯನವರಿಗೆ ಎಪ್ಪತ್ತು ದಾಟಿದೆ. ಹಣೆಯ ವಿಭೂತಿ ಬೆವರಿಗೂ ಅಳಿಯದ ಹಾಗೆ ಕೂತಿರುತ್ತದೆ. ಹೊಳೆನರಸೀಪುರದಲ್ಲಿ ಮೊದಲು ರೇಡಿಯೋ, ಆಮೇಲೆ ಟಿವಿ, ಕೊನೆಗೆ ಕಂಪ್ಯೂಟರ್ ರಿಪೇರಿ ಮಾಡಿ ನಾಲ್ಕು ತಾಲ್ಲೂಕಿಗೆ ಹೆಸರಾದವರು. ಹನ್ನೆರಡು ವರ್ಷದ ಹಿಂದೆ ಒಂದು ದಿನ ಅಂಗಡಿಗೆ ಬೀಗ ಹಾಕಿದವರು ಮತ್ತೆ ತೆಗೆಯಲಿಲ್ಲ. ಯಾಕೆಂದು ಮನೆಯವರಿಗೂ ಹೇಳಿರಲಿಲ್ಲ.

ಯಶಸ್ವಿನಿ ತನ್ನ ಪೆನ್‌ಡ್ರೈವನ್ನು ಅವರ ಮುಂದೆ ಹಿಡಿದಳು. "ತಾತ, ಇದ್ರಲ್ಲಿ ನನ್ನ ಪ್ರಾಜೆಕ್ಟ್ ಅದೆ. ಓಪನ್ನೇ ಆಗ್ತಿಲ್ಲ. ಒಂದ್ಸಲ ನೋಡಿ ತಾತ, ನಿಮ್ಗೆ ಗೊತ್ತಿರೋದೇ ಅಲ್ವಾ."

ದೊಡ್ಡಯ್ಯನವರು ಚಾಚಿದ್ದ ಕೈಯನ್ನು ತಟ್ಟನೆ ಹಿಂದಕ್ಕೆ ತೆಗೆದುಕೊಂಡರು.

ಗುಂಡಯ್ಯ ನಕ್ಕ. "ಏನ್ ಯಜಮಾನ್ರೇ, ಆವು ಕಂಡಂಗೆ ಕೈ ಎಳ್ಕಂಡ್ರಲ್ಲ! ಅದೇನ್ ಕಚ್ಚತದಾ?"

"ಕಚ್ಚಲ್ಲ ಗುಂಡ," ಎಂದರು ದೊಡ್ಡಯ್ಯನವರು. "ಹಿಡ್ಕೊಳ್ತದೆ."

ಕಾಂತರಾಜು ಒಲೆಯ ಬಾಯಿಗೆ ಎರಡು ಸೌದೆ ತಳ್ಳಿ ಹತ್ತಿರ ಬಂದು ಕೂತರು. ದೊಡ್ಡಯ್ಯನವರು ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡು, ಕೊರಳಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿ, ಬೆಂಕಿಯನ್ನೇ ನೋಡುತ್ತ ಶುರು ಮಾಡಿದರು.

"ಮೊದ್ಲು ಒಂದು ಮಾತು ತಿಳ್ಕೊಂಡ್ಬುಡಿ, ಇಲ್ದಿದ್ರೆ ಕತೆ ದಕ್ಕಲ್ಲ. ಕಂಪ್ಯೂಟರ್ ಒಳಗೆ ಡಿಸ್ಕು ಅಂತ ಇರ್ತದಲ್ಲ, ಅದೊಂದು ಊರು ಕಣ್ರಪ್ಪ... ಲಕ್ಷಾಂತರ ಸಣ್ ಸಣ್ ಮನೆ ಇರೋ ಊರು. ನೀವೊಂದು ಫೋಟೋ ಒಳಗೆ ಹಾಕಿದ್ರೆ ಅದು ಇಡಿಯಾಗಿ ಒಂದೇ ಮನೇಲಿ ಕೂರಲ್ಲ; ತಲೆ ಒಂದ್ ಮನೇಲಿ, ಕೈ ಇನ್ನೊಂದ್ ಮನೇಲಿ, ಕಾಲು ಊರಾಚೆ ಮನೇಲಿ, ಅಂಗೆ ಚೂರು ಚೂರಾಗಿ ಕೂತ್ಕೊಳ್ತದೆ. ಯಾವ ಚೂರು ಯಾವ ಮನೇಲಿದೆ ಅಂತ ಬರ್ಕೊಂಡಿರೋ ಒಂದು ಪುಸ್ತಕ ಇರ್ತದೆ, ಹಿಂದೆ ಶಾನುಭೋಗರ ಹತ್ರ ಇರ್ತಿತ್ತಲ್ಲ, ಅಂಥದ್ದು. ಆ ಪುಸ್ತಕ ಬರೀತಾ ಇರೋವಾಗ ಕರೆಂಟು ಹೋಯ್ತು ಅಂತಿಟ್ಕೊಳ್ಳಿ... ಏನಾಯ್ತದೆ? ಬರೆಯೋದು ಅರ್ಧಕ್ಕೆ ನಿಂತೋಯ್ತದೆ. ಕೆಲವು ಮನೇಲಿ ಜನ ಇರ್ತಾರೆ, ಪುಸ್ತಕದಲ್ಲಿ ಹೆಸರಿರಲ್ಲ. ಅವು ಅನಾಥ. ಇನ್ ಕೆಲವು ಮನೆ ಮೇಲೆ ಇಬ್ಬರ ಹೆಸರು ಬಿದ್ದಿರ್ತದೆ. ಇವನೂ ನಂದು ಅಂತಾನೆ, ಅವನೂ ನಂದು ಅಂತಾನೆ. ಅದು ಅನಾಥಕ್ಕಿಂತ ಕೆಟ್ಟದ್ದು."

"ಕ್ರಾಸ್ ಲಿಂಕ್ ಅಂತಾರೆ ತಾತ," ಎಂದಳು ಯಶಸ್ವಿನಿ.

"ಏನಾರ ಅನ್ನವ್ವ. ನಾನು ಜಗಳದ ಮನೆ ಅಂತಿದ್ದೆ. ನನ್ನ ಹತ್ರ ತಪಾಸಣೆ ಮಾಡೋ ಒಂದು ಹಳೇ ಪ್ರೋಗ್ರಾಂ ಇತ್ತು. ಅದು ಮನೆ ಮನೆ ಬಾಗಿಲು ತಟ್ಕೊಂಡು ಹೋಗಿ, ಅನಾಥವಾದ್ದನ್ನೆಲ್ಲ ಒಟ್ಟು ಮಾಡಿ, 'ಫೌಂಡ್' ಅಂತ, ಅಂದ್ರೆ 'ಸಿಕ್ಕಿದ್ದು' ಅಂತ, ಒಂದು ಫೋಲ್ಡರ್ ಮಾಡಿ ಅದ್ರೊಳಗೆ ಇಟ್ಬುಡೋದು. ಜಗಳದ ಮನೆ ಸಿಕ್ರೆ ಮಾತ್ರ ನಿಂತು ನನ್ನ ಕೇಳೋದು. ಯಾರಿಗೆ ಕೊಡ್ಲಿ? ಇವ್ನಿಗೋ, ಅವ್ನಿಗೋ? ನಾನು ಒಂದು ಬಟನ್ ಒತ್ತಿದ್ರೆ ನ್ಯಾಯ ತೀರ್ಮಾನ ಆಗೋಯ್ತು. ದಿನಕ್ಕೆ ಹತ್ ಸಲ ಅಂಥ ತೀರ್ಮಾನ ಮಾಡ್ತಿದ್ದೆ ನಾನು... ಓದಿಯೂ ನೋಡ್ತಿರ್ಲಿಲ್ಲ.

"ಹದಿನಾರು ವರ್ಷದ ಹಿಂದಿನ ಮಾತು ಇದು. ನನ್ನ ಅಂಗಡಿ ಬೀದೀಲೇ ಮೋಹನ್‌ಕುಮಾರ್ ಅಂತ ಒಬ್ಬ ಫೋಟೋ ಸ್ಟುಡಿಯೋ ಇಟ್ಟಿದ್ದ. ಒಳ್ಳೇ ಹುಡುಗ, ಭಯ ಭಕ್ತಿ ಇದ್ದೋನು. ಅವನ ಕಂಪ್ಯೂಟರ್‌ನಲ್ಲಿ ಎರಡೇ ಫೋಲ್ಡರ್ರು. ಒಂದು ಶುಭ, ಒಂದು ಅಶುಭ. ಮದುವೆ, ಹೆಸರಿಡೋ ಶಾಸ್ತ್ರ, ಮನೆ ಒಕ್ಕಲು, ಎಲ್ಲ ಶುಭಕ್ಕೆ. ತಿಥಿ ಫೋಟೋ, ಶ್ರದ್ಧಾಂಜಲಿ ಬ್ಯಾನರ್ರು, ಅವು ಅಶುಭಕ್ಕೆ. ತಿಥಿ ಕಾರ್ಡು ಬಂದ್ರೆ ನಾವು ಓದಿ ಹರಿದಾಕ್ತೀವಿ, ಮನೆ ಒಳಗೆ ಇಟ್ಕೊಳ್ಳಲ್ಲ, ಅಲ್ವಾ? ಅಂಗೆ. ತಿಥಿ ಫೋಟೋ ಹೆಂಗೆ ಮಾಡ್ತಾರೆ ಗೊತ್ತಲ್ಲ ನಿಮ್ಗೆ. ಹಳ್ಳಿ ಕಡೆ ಮುದುಕರದ್ದು ಒಂಟಿ ಫೋಟೋ ಎಲ್ಲಿರ್ತದೆ? ಯಾವ್ದೋ ಮದುವೆ ಗುಂಪಲ್ಲಿ ನಿಂತಿರೋರನ್ನ ಕತ್ತರಿಸಿ ತೆಗೆದು, ಹಿಂದೆ ನೀಲಿ ಆಕಾಶ ಹಾಕಿ ಕೊಡೋದು. ಮೋಹನ್‌ಕುಮಾರ ಕತ್ತರಿಸೋದ್ರಲ್ಲಿ ಭಾರಿ ನೇಮಸ್ಥ. ಪಕ್ಕದಲ್ಲಿ ಬದುಕಿರೋರದ್ದು ಒಂದು ಬೆರಳು, ಒಂದು ಸೆರಗಿನ ತುದಿ ಉಳೀಕೂಡ್ದು. ಯಾಕೆ? ಆ ಫೋಟೋಗೆ ಹಾರ ಬೀಳ್ತದೆ. ಬದುಕಿರೋರಿಗೆ ಹಾರ ಹಾಕಿ, ಎಡೆ ಇಟ್ಟು, ಕರ್ಪೂರ ಬೆಳಗಿದ್ರೆ... ಏನರ್ಥ ಬತ್ತದೆ ನೀವೇ ಹೇಳಿ."

ಕಾಂತರಾಜು ನಿಟ್ಟುಸಿರು ಬಿಟ್ಟರು. ಗುಂಡಯ್ಯ ಬೀಡಿ ಹಚ್ಚಲು ಕೊಳ್ಳಿ ತೆಗೆದವನು ಹಚ್ಚದೆ ಹಾಗೇ ಹಿಡಿದಿದ್ದ.

"ಹರದನಹಳ್ಳಿ ಕಡೆಯಿಂದ ದೇವರಾಜ ಅಂತ ಒಬ್ಬ ಬಂದ. ಅವನವ್ವ ಮಾದಮ್ಮ ತೀರ್ಕೊಂಡು ಒಂಬತ್ತು ದಿನ ಆಗಿತ್ತು, ನಾಡಿದ್ದು ಹನ್ನೊಂದನೇ ದಿನದ ತಿಥಿ. ಮಾದಮ್ಮ ಜೀವಮಾನದಲ್ಲೇ ಫೋಟೋಗೆ ನಿಂತೋಳಲ್ಲ, ಫೋಟೋ ತೆಗೆದ್ರೆ ಆಯಸ್ಸು ಕಮ್ಮಿ ಆಯ್ತದೆ ಅನ್ನೋಳು. ಆದ್ರೆ ದೇವರಾಜನ ಮಗಳಿಗೆ, ನಿಸರ್ಗ ಅಂತ, ಹೆಸರಿಟ್ಟ ದಿನ ಏನಾಯ್ತು... ಮಗು ಯಾರ ಮಡಿಲಲ್ಲೂ ನಿಲ್ಲದು, ಒಂದೇ ಸಮ ಅಳು. ಅಜ್ಜಿ ಎತ್ಕೊಂಡೇಟಿಗೆ ಅಜ್ಜಿ ಹೆಬ್ಬೆರಳು ಹಿಡ್ಕೊಂಡು ಗಪ್ ಚಿಪ್. ಫೋಟೋ ಬೇಕು ಅಂದ್ರೆ ಅಜ್ಜಿ ಕೂರ್ಲೇಬೇಕು. ಬೆನ್ನಲ್ಲಿ ಒಂದು ಪಟ್ಟಿ ಮುರಿದಿದ್ದ ಮರದ ಕುರ್ಚಿ ಮೇಲೆ, ಮಗು ಮಡಿಲಲ್ಲಿಟ್ಕೊಂಡು ಕೂತಳು. ಮೋಹನ್‌ಕುಮಾರ ಒಂದೇ ಒಂದು ಫೋಟೋ ತೆಗೆದ. ಆಲ್ಬಂ ಇನ್ನೂ ಮಾಡ್ಸಿರ್ಲಿಲ್ಲ. ಪ್ರಪಂಚದಲ್ಲಿ ಮಾದಮ್ಮನ ಮುಖ ಇದ್ದದ್ದು ಆ ಒಂದು ಫೋಟೋದಲ್ಲಿ, ಆ ಡಿಸ್ಕಲ್ಲಿ.

"ಅಂದು ಮಧ್ಯಾಹ್ನ ಮೋಹನ್‌ಕುಮಾರ ಆ ಫೋಟೋ ತೆಗೆದು, ಮಡಿಲಿಂದ ಮಗುನ ಬಿಡಿಸ್ತಾ ಕೂತವ್ನೆ. ಮೊದ್ಲು ತಲೆ ತೆಗ್ದ, ಮೈ ತೆಗ್ದ, ಆ ಜಾಗಕ್ಕೆ ಸೀರೆ ಬಣ್ಣ ತುಂಬ್ದ. ಇನ್ನು ಉಳಿದದ್ದು ಹೆಬ್ಬೆರಳು ಹಿಡಿದಿರೋ ಪುಟ್ಟ ಮುಷ್ಟಿ ಮಾತ್ರ. ಅದಕ್ಕೆ ಕೈ ಹಾಕೋ ಹೊತ್ತಿಗೆ... ಆಷಾಢದ ಗಾಳಿ ಮಳೆ ನೋಡಿ, ಕರೆಂಟು ಹೋಯ್ತು. ಬಂತು. ಹೋಯ್ತು. ಮತ್ತೆ ಬಂತು. ಕಂಪ್ಯೂಟರ್ ಮಾತ್ರ ಬರ್ಲಿಲ್ಲ. ನೀಲಿ ಪರದೆ. ಓಡಿ ಬಂದು ನನ್ನ ಕರೆದ.

"ನಾನು ಹೋದೆ, ತಪಾಸಣೆ ಹಾಕ್ದೆ. ದೇವರಾಜ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತವ್ನೆ, ತಲೆ ಬೋಳಿಸ್ಕೊಂಡು. ಪರದೆ ಮೇಲೆ ಅಕ್ಷರ ಇರುವೆ ಸಾಲಿನಂಗೆ ಹೋಯ್ತಾ ಹೋಯ್ತಾ... ನಿಂತ್ಕೊಳ್ತು. ಜಗಳದ ಮನೆ. ಎರಡು ಹೆಸರು. ಒಂದು ಶುಭದಲ್ಲಿರೋ ಹೆಸರಿಡೋ ಫೋಟೋ, ಇನ್ನೊಂದು ಅಶುಭಕ್ಕೆ ಹೋಗ್ತಿದ್ದ ತಿಥಿ ಫೋಟೋ. ಎರಡೂ ಒಂದೇ ಜಾಗ ಕೇಳ್ತಾ ಅವೆ. ಮೋಹನ್‌ಕುಮಾರ ನನ್ನ ಕೈ ಹಿಡ್ಕೊಂಡ. 'ಅಣ್ಣ, ಒಂದ್ನಿಮಿಷ ತಡೀರಿ. ಶುಭದ್ದು ಅಶುಭದ್ದು ಸೇರ್ಕೊಂಡವೆ ಕಣಣ್ಣ. ಕೆಲಸ ಪೂರ್ತಿ ಆಗಿಲ್ಲ. ನೋಡಿ ಮಾಡಿ' ಅಂದ. ನಾನೇನಂದೆ ಗೊತ್ತಾ? 'ಲೇ ಮೋನ, ಡಿಸ್ಕಿಗೂ ಸೂತಕ ಇರ್ತದೇನ್ಲಾ?' ಅಂದೆ. ಅಂದು ನಕ್ಕೆ. ದಿನಾ ಎರಡು ಹೊತ್ತು ಲಿಂಗ ಪೂಜೆ ಮಾಡೋನು ನಾನು... ಆ ಬುದ್ಧಿ ಆ ಮಿಷನ್ ಮುಂದೆ ಎಲ್ಲೋಗಿತ್ತೋ. ತಿಥಿ ನಾಡಿದ್ದದೆ, ಮಗು ಫೋಟೋ ಆಮೇಲೆ ನೋಡ್ಕೊಂಡ್ರಾಯ್ತು ಅಂತ, ಆ ಜಾಗನ ಸತ್ತೋಳ ಹೆಸರಿಗೆ ಕೊಟ್ಬುಟ್ಟೆ. ಒಂದು ಬಟನ್ನು... ಅಷ್ಟೆ."

ಅವರು ತಮ್ಮ ಬಲಗೈಯ ತೋರುಬೆರಳನ್ನು ಬೆಂಕಿಯ ಬೆಳಕಿಗೆ ಹಿಡಿದು ನೋಡಿಕೊಂಡರು, ಅದು ಬೇರೆ ಯಾರದೋ ಬೆರಳು ಎನ್ನುವ ಹಾಗೆ. ಮಳೆ ಒಮ್ಮೆ ಜೋರಾಗಿ ಹೊಡೆದು ಹೋಯಿತು. ಅದು ಇಳಿಯುವವರೆಗೆ ಅವರು ಕಾದರು, ನಾವೂ ಕಾದೆವು.

"ಫೋಟೋ ಬಂತು. ಅಜ್ಜಿ ಒಬ್ಬಳೇ, ಮಡಿಲ ತುಂಬ ಸೀರೆ, ಹಿಂದೆ ನೀಲಿ ಆಕಾಶ. ದೇವರಾಜ ನೋಡಿ ಗಳಗಳ ಅತ್ತ. ಮೋಹನ್‌ಕುಮಾರನೂ ಅವಸರದಲ್ಲಿ, ಉಳಿದಿದ್ದ ಕೆಲಸ ಮರೆತು, ಪ್ರಿಂಟ್ ಹಾಕಿ, ಕಟ್ಟು ಹಾಕ್ಸಿ ಕೊಟ್ಟ. ತಿಥಿಗೆ ನೀವು ಬರ್ಲೇಬೇಕು ಸಾ ಅಂತ ದೇವರಾಜ ನನ್ನ ಕರೆದ, ನಾನೂ ಹೋದೆ. ಅಂಗಳದಲ್ಲಿ ಫೋಟೋ ಇಟ್ಟವ್ರೆ, ದಪ್ಪ ಸೇವಂತಿಗೆ ಹಾರ ಹಾಕವ್ರೆ, ಮುಂದೆ ಎಡೆ. ಕರ್ಪೂರ ಬೆಳಗ್ತಾ ದೇವರಾಜ ತಟ್ಟೆ ಮೇಲಕ್ಕೆತ್ತಿದ್ನಲ್ಲ, ಆ ಬೆಳಕಿಗೆ ಹಾರದ ಕೆಳಗೆ ನಂಗೆ ಕಾಣಿಸ್ತು... ಮಾದಮ್ಮನ ಹೆಬ್ಬೆರಳ ಸುತ್ತ ನಾಕು ಪುಟ್ಟ ಬೆರಳು. ಮಗು ಇಲ್ಲ, ಕೈ ಇಲ್ಲ. ಬರೀ ಬೆರಳು, ಹಾಲುಗುಲಾಬಿ ಬಣ್ಣದವು, ಗಟ್ಟಿಯಾಗಿ ಹಿಡ್ಕೊಂಡವೆ. ಹಾರ ಅದ್ರ ಮೇಲೇ ಬಿದ್ದದೆ.

"ನಾನು ಆಗ್ಲೇ ಎದ್ದು ಹೇಳ್ಬೇಕಿತ್ತು. ಹಾರ ತೆಗೀರಪ್ಪ ಅನ್ಬೇಕಿತ್ತು. ಹೇಳ್ಲಿಲ್ಲ... ನೂರಾರು ಜನ ಕೂತವ್ರೆ, ಕೆಲಸ ಕೆಟ್ಟೋಗಿದೆ ಅಂತ ನನ್ನ ಬಾಯಲ್ಲೇ ಹೆಂಗೆ ಹೇಳೋದು ಅಂತ. ಎಲೆ ಮುಂದೆ ಕೂತು ಪಾಯಸ ಉಂಡೆ. ಕೈ ತೊಳೆಯೋಕೆ ಹೋದಾಗ ದೇವರಾಜನ ಹೆಂಡ್ತಿ ರೂಪಶ್ರೀ ಮಗುನ ಸೊಂಟದ ಮೇಲೆ ಎತ್ಕೊಂಡು ನಿಂತಿದ್ಲು. 'ನೋಡಣ್ಣ, ಬೆಳಗ್ಗಿಂದ ಈ ಕೈ ಬಿಚ್ಚೇ ಇಲ್ಲ ಇವ್ಳು, ಏನೋ ಕದ್ದಿಟ್ಕೊಂಡಂಗೆ' ಅಂತ ನಗಾಡಿದ್ಲು. ಮಗು ಬಲಗೈ ಮುಷ್ಟಿ ಕಟ್ಕೊಂಡಿತ್ತು. ನಾನು ಮುಟ್ಟಿ ನೋಡ್ದೆ. ಬಾವಿ ತಳದ ಕಲ್ಲು ಮುಟ್ಟಿದಂಗಾಯ್ತು."

"ಶಿವ ಶಿವಾ," ಎಂದರು ಕಾಂತರಾಜು. "ಮಾವ, ಆಗ್ಲಾದ್ರೂ ಹೇಳ್ಬಾರ್ದಿತ್ತಾ?"

"ಹೇಳ್ಬಾರ್ದಿತ್ತಾ ಅಂತ ನಾನೂ ಹದಿನಾರು ವರ್ಷದಿಂದ ಕೇಳ್ಕೊತಾ ಇವ್ನಿ ಕಾಂತು. ಮೂರು ವಾರ ಆಯ್ತು. ಮುಷ್ಟಿ ಬಿಚ್ಚಲಿಲ್ಲ. ಹಾಸನಕ್ಕೆ ಕರ್ಕೊಂಡೋಗಿ ಡಾಕ್ಟರಿಗೆ ತೋರ್ಸಿದ್ರು, ನರ ಸರಿಯಾಗೇ ಅದೆ, ಮೂಳೆ ಸರಿಯಾಗೇ ಅದೆ ಅಂದ್ರು. ಮಗು ಹಾಲು ಬಿಡ್ತು. ಮೈ ಸುಡ್ತಾ ಇದ್ರೂ ಆ ಕೈ ಮಾತ್ರ ತಣ್ಣಗೆ. ಅಳು ಕೂಡ ನಿಂತೋಯ್ತಂತೆ. ತೊಟ್ಟಿಲಲ್ಲಿ ಮಲಗಿ, ಮುಷ್ಟಿ ಮೇಲಕ್ಕೆತ್ಕೊಂಡು, ಯಾರನ್ನೋ ನೋಡಿ ನಗೋದು, ಕೈ ಯಾರೋ ಮೆಲ್ಲಗೆ ತೂಗಿದಂಗೆ ಆ ಕಡೆ ಈ ಕಡೆ ಆಡೋದು... ಗಾಳಿಯಿಲ್ಲ, ತೊಟ್ಟಿಲೂ ಅಲ್ಲಾಡ್ತಿಲ್ಲ, ಕೈ ಮಾತ್ರ. ಒಂದು ದಿನ ದೇವರಾಜ ಮೋಹನ್‌ಕುಮಾರನ ಹತ್ರ ಬಂದ. 'ಮಗಳು ನಗ್ತಾ ಇದ್ದ ಆ ಹೆಸರಿಡೋ ಫೋಟೋ ಒಂದು ಕೊಡಿ ಸಾ, ಇವ್ಳು ಉಳೀತಾಳೋ ಇಲ್ವೋ, ಅದೊಂದಾದ್ರೂ ಇರ್ಲಿ' ಅಂದ. ಮೋಹನ್‌ಕುಮಾರ ಶುಭ ಫೋಲ್ಡರ್ ತೆಗ್ದ. ತೆಗ್ದು, ನನ್ನ ಅಂಗಡಿಗೆ ಓಡಿ ಬಂದ.

"ಹೋಗಿ ನೋಡ್ದೆ. ಫೋಟೋದ ಮೇಲಿನ ಅರ್ಧ ಬೂದಿ ಬಣ್ಣ. ಅಜ್ಜಿ ಮುಖ ಇರ್ಬೇಕಾದ ಕಡೆ ಬರೀ ಬೂದಿ. ಕೆಳಗೆ ಮಡಿಲು, ಮಡಿಲಲ್ಲಿ ಮಗು. ಮಗು ಬಲಗೈ ಮಣಿಕಟ್ಟಿನವರ್ಗೂ ಅದೆ. ಮುಂದಕ್ಕಿಲ್ಲ. ಕತ್ತರಿಸಿದಂಗಿಲ್ಲ, ಅರ್ಧಂಬರ್ಧ ಅಳಿಸಿದಂಗೂ ಇಲ್ಲ... ಹುಟ್ತಾನೇ ಇಲ್ದಂಗೆ, ಅಷ್ಟು ಶುದ್ಧವಾಗಿ. ಬೆರಳು ಎಲ್ಲೋದ್ವು ಅಂತ ನಂಗೆ ಗೊತ್ತಿತ್ತು. ನಾನೇ ಕೊಟ್ಟಿದ್ನಲ್ಲ. ಸತ್ತೋಳಿಗೆ, ನನ್ನ ಕೈಯಾರೆ. ಹಾರದ ಕೆಳಗೆ ಅವು ಪೂಜೆ ತಗೊಂಡು ಕೂತಿದ್ವು.

"ಆವತ್ತು ನಾನು ದೇವರಾಜನ ಕಾಲು ಹಿಡ್ಕೊಂಡು ಎಲ್ಲ ಹೇಳ್ದೆ. ಹೊಡೀತಾನೆ ಅಂದ್ಕೊಂಡಿದ್ದೆ. ಹೊಡೀಲಿಲ್ಲ. 'ಈಗ ಏನ್ ಮಾಡಿದ್ರೆ ಮಗು ಉಳೀತದೆ ಸಾ, ಅಷ್ಟೇಳಿ' ಅಂದ. ಮಾರನೇ ದಿನ ಸೋಮವಾರ. ತಣ್ಣೀರು ಸ್ನಾನ ಮಾಡಿ, ಪೂಜೆ ಮುಗಿಸಿ, ಒದ್ದೆ ವಿಭೂತೀಲೇ ಸ್ಟುಡಿಯೋಗೆ ಹೋದೆ. ಕಟ್ಟು ಹಾಕಿದ್ದ ಫೋಟೋನ ದೇವರಾಜ ಹಾರ ಬಿಚ್ಚಿ, ಹೇಮಾವತಿ ಹೊಳೇಲಿ ಬಿಟ್ಟು ಬಂದಿದ್ದ. ಇನ್ನು ಡಿಸ್ಕಲ್ಲಿ ಇರೋದನ್ನ ಅಳಿಸ್ಬೇಕು, ಆ ಜಾಗ ಬಿಡಿಸಿ ಮಗು ಹೆಸರಿಗೆ ಬರೀಬೇಕು. ಬಟನ್ ಮೇಲೆ ಬೆರಳಿಟ್ಟೆ... ದೇವರಾಜ ನನ್ನ ಹೆಗಲು ಹಿಡ್ಕೊಂಡ. 'ಸಾ... ಅವ್ವನ ಮುಖ ಇರೋದು ಇದೊಂದ್ರಲ್ಲೇ ಸಾ. ಇದೂ ಹೋದ್ರೆ ಅವ್ಳು ಹೆಂಗಿದ್ಲು ಅಂತ ನಂಗೇ ಮರ್ತೋಯ್ತದೆ.' ಅವ್ವನೋ, ಮಗಳೋ? ಮಿಷನ್ನು ನನ್ನ ಕೇಳಿದ್ನೇ ನಾನು ಅವನ ಕೇಳ್ದಂಗಾಯ್ತು.

"ರೂಪಶ್ರೀ ಬಾಗಿಲಲ್ಲಿ ನಿಂತಿದ್ಲು, ಮಗುನ ಸೆರಗಲ್ಲಿ ಸುತ್ಕೊಂಡು. ಒಳಗೆ ಬಂದ್ಲು. 'ಅಳಿಸಿ ಅಣ್ಣ' ಅಂದ್ಲು. 'ಅತ್ತೆಗೆ ನಾನು ಹೇಳ್ಕೋತೀನಿ. ನನ್ನ ಮಗಳ ಕೈ ನಂಗೆ ಕೊಡಿ.' ಗಂಡನ ಕಡೆ ತಿರುಗಿ ನೋಡ್ಲಿಲ್ಲ. ಆ ತಾಯಿ ಮಾತಲ್ಲಿ ಕೋಪ ಇರ್ಲಿಲ್ಲ ಕಣ್ರಪ್ಪ... ನೆರೆಮನೇಲಿ ಇಟ್ಟಿದ್ದ ಪಾತ್ರೆ ವಾಪಸ್ ಕೇಳೋರ ತರ ಕೇಳಿದ್ಲು.

"ಒತ್ತಿದೆ. ಮಾದಮ್ಮನ ಹೆಸರು ಹೋಯ್ತು. ಜಾಗ ಮಗು ಕಡೆಗೆ ಬರ್ದೆ. ಫೋಟೋ ತೆಗ್ದೆ. ಬೆರಳು ವಾಪಸ್ ಬಂದಿದ್ವು, ಪುಟ್ಟ ಮುಷ್ಟಿ, ಗಟ್ಟಿಯಾಗಿ ಕಟ್ಕೊಂಡು. ಅವು ಹಿಡ್ಕೊಂಡಿದ್ದ ಹೆಬ್ಬೆರಳು ಮಾತ್ರ ಇರ್ಲಿಲ್ಲ. ನನ್ನ ಹಿಂದೆ ಮಗು ಒಂದ್ಸಲ ಕಿರುಚ್ತು. ಮೂರು ವಾರದ ಮೇಲೆ ಮೊದಲ್ನೇ ಅಳು. ತಿರುಗಿ ನೋಡ್ತೀನಿ, ಮುಷ್ಟಿ ಬಿಚ್ಕೊಂಡದೆ, ಅಂಗೈ ಕೆಂಪಗದೆ... ನಡುವೆ ಒಂದು ಹೆಬ್ಬೆರಳು ಗಾತ್ರ ಮಾತ್ರ ಬೆಳ್ಳಗೆ, ನೀರಲ್ಲಿ ನೆನೆದ ಚರ್ಮದಂಗೆ. ರೂಪಶ್ರೀ ಅಲ್ಲೇ ನೆಲದ ಮೇಲೆ ಕೂತು ಹಾಲು ಕೊಟ್ಲು. ಮಗು ಕುಡೀತು."

ಗುಂಡಯ್ಯ, "ಅಬ್ಬ, ಬದುಕ್ತು ಬುಡಿ! ಅಲ್ಲಿಗ್ ಆಯ್ತಲ್ಲ?" ಎಂದ. ಕತೆ ಕೇಳುವವನಿಗೆ ಮುಗಿದ ಕಡೆ ಹೇಳುವವನಿಗೆ ಮುಗಿದಿರುವುದಿಲ್ಲ. ಮುಕ್ತಿ ಎಂಬುದು ಸತ್ತವರಿಗೆ ನಾವು ಕೊಡುವುದೋ, ಅವರಿಂದ ನಾವು ಪಡೆಯುವುದೋ, ಬಲ್ಲವರು ಹೇಳಬೇಕು. ಒಲೆಗೆ ಮತ್ತೊಂದು ಸೌದೆ ಬಿತ್ತು. ಅದು ಹತ್ತಿಕೊಂಡ ಮೇಲೆ ದೊಡ್ಡಯ್ಯನವರು ಯಶಸ್ವಿನಿಯ ಕಡೆ ತಿರುಗಿದರು.

"ಮಗಾ, ನೀನು ಓದಿರೋಳು, ನೀನೇ ಹೇಳು. ಡಿಸ್ಕಲ್ಲಿ ಅಳಿಸ್ದೆ ಅಂದ್ರೆ ಅಳಿಸೋಯ್ತದಾ?"

"ಇಲ್ಲ ತಾತ. ಪುಸ್ತಕದಲ್ಲಿ ಹೆಸರು ಮಾತ್ರ ಹೋಗ್ತದೆ. ಅದ್ರ ಮೇಲೆ ಬೇರೇದು ಬರೆಯೋವರ್ಗೂ ಒಳಗೆ ಎಲ್ಲ ಅಂಗೇ ಇರ್ತದೆ."

"ಕೇಳಿದ್ರಾ? ಬಾಗಿಲ ಮೇಲಿನ ಹೆಸರು ಒರೆಸಿದ್ರೆ ಒಳಗಿರೋರು ಎದ್ದೋಗಲ್ಲ. ಮಗು ಬೆರಳಿದ್ದ ಒಂದು ಮನೆ ಬಿಡಿಸ್ಕೊಂಡೆ ಸರಿ, ಮಾದಮ್ಮನ ಉಳಿದ ಚೂರೆಲ್ಲ ಇದ್ದಲ್ಲೇ ಇದ್ವು. ಅವನ್ನ ಕೆಡವೋ ದಾರಿನೂ ನಂಗೆ ಗೊತ್ತಿತ್ತು, ಆ ಜಾಗದ ಮೇಲೆಲ್ಲ ಸೊನ್ನೆ ತುಂಬೋದು. ಆಗ ಪೂರಾ ಹೋಯ್ತದೆ. ಮಾಡೋಕೆ ಹೊರಟೆ. ದೇವರಾಜ ಕೈ ಮುಗಿದ. 'ಅಷ್ಟೊಂದು ಬ್ಯಾಡಿ ಸಾ, ಎಲ್ಲೋ ಒಂದ್ಕಡೆ ಇರ್ಲಿ ಬುಡಿ, ಕಾಣ್ದಿದ್ರೂ ಇರ್ಲಿ' ಅಂದ. ಬೋಳಿಸಿದ ತಲೇಲಿ ಇನ್ನೂ ಸರಿಯಾಗಿ ಕೂದಲು ಬಂದಿರ್ಲಿಲ್ಲ ಅವನಿಗೆ. ನನ್ನ ಮನಸ್ಸು ಕರಗ್ತು. ಬಿಟ್ಬುಟ್ಟೆ. ಮೊದಲ್ನೇ ತಪ್ಪು ಸೊಕ್ಕಲ್ಲಿ ಮಾಡ್ದೆ, ಎರಡ್ನೇದು ಕರುಣೇಲಿ... ಯಾವುದು ದೊಡ್ಡದು ಅಂತ ಶಿವನೇ ಹೇಳ್ಬೇಕು.

"ಆರು ತಿಂಗಳಾಯ್ತು. ಅರಕಲಗೂಡಲ್ಲಿ ಒಬ್ಬ ಶುಂಠಿ ವ್ಯಾಪಾರಿ ಕಂಪ್ಯೂಟರ್ ಕೆಟ್ಟಿತ್ತು. ಬೇರೆ ಊರು, ಬೇರೆ ಮಿಷನ್ನು, ಬೇರೆ ಡಿಸ್ಕು. ತಪಾಸಣೆ ಹಾಕ್ದೆ. ಫೌಂಡ್ ಅಂತ ಫೋಲ್ಡರ್ ಬಂತು, ಒಳಗೆ ಒಂದೇ ಒಂದು ಫೈಲು. ತೆಗ್ದೆ. ಪಟ್ಟಿ ಮುರಿದ ಮರದ ಕುರ್ಚಿ. ಮಾದಮ್ಮ ಕೂತವ್ಳೆ. ಮಡಿಲು ಖಾಲಿ. ತಲೆ ಬಗ್ಗಿಸ್ಕೊಂಡು ತನ್ನ ಹೆಬ್ಬೆರಳೇ ನೋಡ್ಕೊತಾ ಅವಳೆ. ಅಳಿಸ್ದೆ. ಸೊನ್ನೆ ತುಂಬ್ದೆ, ಒಂದಲ್ಲ ಮೂರ್ ಸಲ. ವರ್ಷ ಕಳೀತು. ಚನ್ನರಾಯಪಟ್ಟಣದಲ್ಲಿ ಒಂದು ಜೆರಾಕ್ಸ್ ಅಂಗಡೀಲಿ... ಅದೇ ಕುರ್ಚಿ, ಅದೇ ಮಾದಮ್ಮ. ಈಗ ತಲೆ ಎತ್ತವ್ಳೆ. ಸುತ್ತ ನೋಡ್ತಾ ಅವಳೆ, ಏನೋ ಇಟ್ಟು ಮರೆತೋರಂಗೆ. ಅದನ್ನೂ ಅಳಿಸ್ದೆ. ಆಮೇಲೆ ಹಾಸನದಲ್ಲಿ ಒಬ್ಬ ವಕೀಲರ ಮನೇಲಿ... ಎರಡು ಕೈನೂ ಕುರ್ಚಿ ತೋಳಿನ ಮೇಲೆ ಊರವ್ಳೆ. ಮೈ ಮುಂದಕ್ಕೆ ಬಾಗ್ಕೊಂಡದೆ. ವಯಸ್ಸಾದೋರು ಏಳೋಕೆ ಮುಂಚೆ ಅಂಗೇ ಅಲ್ವಾ ಕೈ ಊರೋದು?

"ಅಂದೇ ಅಂಗಡಿ ಬೀಗ ಹಾಕ್ದೆ. ನಾನು ಹುಡುಕಿದ್ರೆ ತಾನೆ ಅವಳು ಸಿಗೋದು? ಬಾಗಿಲು ತಟ್ಟಿದೋನು ನಾನೇ. ನಾನು ಮುಟ್ಟದೇ ಇದ್ರೆ ಅವಳು ಏಳಲ್ಲ ಅಂದ್ಕೊಂಡೆ. ಹನ್ನೆರಡು ವರ್ಷ ಕಂಪ್ಯೂಟರಿನ ಒಂದು ಬಟನ್ ಮುಟ್ಲಿಲ್ಲ ನಾನು. ಆ ಮಗು ಬೆಳೀತು. ವರ್ಷಕ್ಕೊಂದ್ಸಲ ದೇವರಾಜನಿಗೆ ಫೋನ್ ಮಾಡಿ ಕೇಳ್ಕೊಳೋನು. ಎಂಗವ್ಳಪ್ಪ? ಚೆನ್ನಾಗವ್ಳೆ ಸಾ. ಶಾಲೇಗೆ ಹೋಗ್ತಾಳೆ ಸಾ. ನೂರಕ್ಕೆ ತೊಂಬತ್ತು ತೆಗ್ದವ್ಳೆ ಸಾ... ನಾನು ದೇವರಿಗೆ ತುಪ್ಪದ ದೀಪ ಹಚ್ಚೋನು."

ಅವರ ದನಿ ಈಗ ತೀರ ಕೆಳಗಿಳಿದಿತ್ತು. ನಾವೆಲ್ಲ ಒಲೆಗಿಂತ ಅವರಿಗೇ ಹತ್ತಿರವಾಗಿ ಕೂತಿದ್ದೆವು.

"ಹೋದ ತಿಂಗಳು ನನ್ನ ಮೊಬೈಲು ಕೆಟ್ಟೋಯ್ತು. ಹಾಸನದ ಬಸ್ ಸ್ಟ್ಯಾಂಡ್ ಹತ್ರ ಒಂದು ಅಂಗಡೀಲಿ ಕೊಟ್ಟು, ಚಾ ಕುಡಿಯೋಕೆ ಹೋದೆ. ಮೆಮೊರಿ ಕಾರ್ಡ್ ಕರಪ್ಟ್ ಆಗಿತ್ತಂತೆ. ಅಂಗಡಿಯವ್ನು ನನ್ನ ಕೇಳದೇನೆ ತಪಾಸಣೆ ಹಾಕ್ಬುಟ್ಟವ್ನೆ. ಬಂದಾಗ ಅಂದ... 'ಯಜಮಾನ್ರೇ, ಏನೂ ಉಳೀಲಿಲ್ಲ. ಒಂದೇ ಒಂದು ಫೋಟೋ ಸಿಕ್ತು, ಅದೂ ಕೆಲಸಕ್ಕೆ ಬಾರದ್ದು, ಯಾವ್ದೋ ಖಾಲಿ ಕುರ್ಚಿ.'

"ತೋರ್ಸಪ್ಪ ಅಂದೆ. ಖಾಲಿ ಕುರ್ಚಿ. ಬೆನ್ನಲ್ಲಿ ಒಂದು ಪಟ್ಟಿ ಮುರಿದದೆ. ಕೂತಿದ್ದೋರು ಈಗ್ತಾನೆ ಎದ್ದೋದಂಗೆ, ಹಿಂದಿನ ನೀಲಿ ಆಕಾಶದ ಮೇಲೆ ಸೆರಗಿನ ನೆರಳು ಇನ್ನೂ ಅದೆ.

"ಅಲ್ಲೇ ನಿಂತು ದೇವರಾಜನಿಗೆ ಫೋನ್ ಮಾಡ್ದೆ. 'ಮಗಳು ಎಂಗವ್ಳೆ ದೇವರಾಜ?' 'ಚೆನ್ನಾಗವ್ಳೆ ಸಾ,' ಅಂದ. 'ಈ ವರ್ಷ ಪಿಯುಸಿಗೆ ಹಾಸನಕ್ಕೆ ಹಾಕಿದೀವಿ, ಹಾಸ್ಟೆಲ್ಲು. ಮೊದಮೊದ್ಲು ಬೋ ಹೆದರ್ಕೊಳ್ಳೋಳು ಸಾ, ಕಾಲೇಜ್ ಮುಂದೆ ದೊಡ್ಡ ರೋಡು, ಬಸ್ಸು ಲಾರಿ ಬಿಡುವೇ ಇಲ್ಲ, ದಾಟಾಕೆ ಆಗ್ತಿರ್ಲಿಲ್ಲ. ಈಗ ಭಯ ಇಲ್ಲ ಬುಡಿ. ಯಾರೋ ವಯಸ್ಸಾದೋರು ಒಬ್ರು ಗುರುತಾಗವ್ರಂತೆ, ನಮ್ಮ ಕಡೆ ಮಾತೇ ಆಡ್ತಾರಂತೆ. ದಿನಾ ಗೇಟಿನ ಹತ್ರ ಕಾಯ್ಕೊಂಡಿದ್ದು, ಇವ್ಳ ಕೈ ಹಿಡ್ಕೊಂಡು ರೋಡ್ ದಾಟಿಸ್ತಾರಂತೆ. ಪುಣ್ಯಾತ್ಮರು ಎಲ್ಲೆಲ್ಲಿ ಇರ್ತಾರೋ ನೋಡಿ ಸಾ' ಅಂದ..."

ದೊಡ್ಡಯ್ಯನವರು ಕಂಬಳಿಯೊಳಗಿನಿಂದ ಮುಖ ಎತ್ತಿ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದರು.

"ನಂಗೆ ಅವನಿಗೆ ಏನೂ ಹೇಳೋಕಾಗ್ಲಿಲ್ಲ. ಅವ್ವನ್ನ ಪೂರಾ ಅಳಿಸ್ಬ್ಯಾಡಿ ಅಂದೋನು ಅವ್ನೇ ಅಲ್ವಾ... ದಿನಾ ಬೆಳಿಗ್ಗೆ ಎಂಟೂವರೆಗೆ ಕಾಲೇಜು. ನಾಳೆನೂ ಅದೆ. ಎಲ್ಲಿಂದ ಎಲ್ಲಿಗೆ ದಾಟಿಸ್ತಾಳೆ ಅಂತ ನಾನು ಕೇಳ್ಲಿಲ್ಲ ಕಣ್ರಪ್ಪ."